ನೆಟ್ ಸರಿಯಿದೆ, ಲಿನಕ್ಸ್ ಇನ್‌ಸ್ಟಾಲ್ ಮಾತ್ರ ಆಗ್ತಿಲ್ಲ. ಯಾಕೆ?

ಪ್ರಶ್ನೆ: ದಾವಣಗೆರೆಯಲ್ಲಿ ಸಣ್ಣ ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಡೆಬಿಯನ್ 13 (ಲಿನಕ್ಸ್‌ನ ಒಂದು ಬಗೆ) ಬಿಡುಗಡೆಗೂ ಮುಂಚೆ ಅದರ ಮಿನಿ ಐಎಸ್ಒ (ಇನ್‌ಸ್ಟಾಲ್ ಶುರು ಮಾಡಲು ಬೇಕಾದಷ್ಟೇ ಇರುವ ಪುಟ್ಟ ಫೈಲ್) ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೆ. ಆಗ ಎರಡು ಮಷೀನ್‌ಗೆ ಚೆನ್ನಾಗೇ ಇನ್‌ಸ್ಟಾಲ್ ಆಯಿತು. ಈಗ ಅದೇ ಪೆನ್‌ಡ್ರೈವ್ ಹಾಕಿದರೆ ‘ನೋ ಕರ್ನಲ್ ಮಾಡ್ಯೂಲ್ಸ್ ವರ್ ಫೌಂಡ್’ ಅಂತ ಬರುತ್ತಿದೆ. ಪೆನ್‌ಡ್ರೈವ್ ಕೆಟ್ಟಿದೆಯಾ?

ಉತ್ತರ: ಇಲ್ಲ, ಪೆನ್‌ಡ್ರೈವ್ ಬಿಸಾಡಬೇಡಿ. ಅದರೊಳಗಿರುವುದು ಹಳೇದಾಗಿದೆ, ಅಷ್ಟೇ.

ಮಿನಿ ಐಎಸ್ಒ ನೂರು ಎಂಬಿಯೂ ಇರುವುದಿಲ್ಲ. ಅದರಲ್ಲಿ ಒಂದು ಕರ್ನಲ್ (ಲಿನಕ್ಸ್‌ನ ತಿರುಳು), ನೆಟ್ ಹಿಡಿಯುವಷ್ಟು ಡ್ರೈವರ್‌ಗಳು, ಇನ್ನು ಸ್ವಲ್ಪ ಸಾಮಾನು. ಹಾರ್ಡ್‌ಡಿಸ್ಕ್ ಗುರುತಿಸುವ ಮಾಡ್ಯೂಲ್‌ಗಳನ್ನೂ (ಕರ್ನಲ್‌ಗೆ ಸೇರಿಸುವ ಬಿಡಿ ತುಣುಕುಗಳು) ಅದು ಮಿರರ್ ಸರ್ವರ್‌ನಿಂದಲೇ (ಡೆಬಿಯನ್ ಫೈಲ್‌ಗಳ ನಕಲು ಇಟ್ಟಿರುವ ಸರ್ವರ್) ತರಬೇಕು. ಹಾಗೆ ತಂದ ಮಾಡ್ಯೂಲ್ ಪೆನ್‌ಡ್ರೈವ್‌ನ ಕರ್ನಲ್‌ಗೆ ಸರಿಯಾಗಿ ಹೊಂದಬೇಕು. ನೀವು ಡೌನ್‌ಲೋಡ್ ಮಾಡಿದ ದಿನ ಎರಡೂ ಒಂದೇ ಆವೃತ್ತಿ. 2025ರ ಆಗಸ್ಟ್ 9ಕ್ಕೆ ಡೆಬಿಯನ್ 13 ಬಂತು. ಅಷ್ಟರಲ್ಲಿ ಸರ್ವರ್‌ನಲ್ಲಿ ಹೊಸ ಕರ್ನಲ್ ಬಂದು ಕೂತಿದೆ, ಹಳೆಯ ಮಾಡ್ಯೂಲ್‌ಗಳನ್ನು ತೆಗೆದಿದ್ದಾರೆ. ನಿಮ್ಮ ಪೆನ್‌ಡ್ರೈವ್ ಇನ್ನೂ ಹಳೆಯದನ್ನೇ ಕೇಳುತ್ತಿದೆ.

ಅನುಮಾನ ಇದ್ದರೆ ಆ ಪರದೆಯಲ್ಲೇ ಆಲ್ಟ್, ಎಫ್2 ಒಟ್ಟಿಗೆ ಒತ್ತಿ, ಎಂಟರ್ ಹೊಡೆದು, ‘ಯುನೇಮ್ -ಆರ್’ (uname -r) ಕೊಡಿ. ಪೆನ್‌ಡ್ರೈವ್‌ನ ಕರ್ನಲ್ ಯಾವುದು ಅಂತ ಬರುತ್ತದೆ. ಆಲ್ಟ್, ಎಫ್4ರಲ್ಲಿ ಲಾಗ್ ಓಡುತ್ತಿರುತ್ತದೆ.

ಮಾಡ್ಯೂಲ್ ಇಲ್ಲದೆ ಮುಂದುವರಿಯಲಾ ಅಂತ ಇನ್‌ಸ್ಟಾಲರ್ ಕೇಳುತ್ತದೆ ನೋಡಿ, ಅಲ್ಲಿ ‘ಯೆಸ್’ (Yes) ಒತ್ತಬೇಡಿ. ಚಿತ್ರದುರ್ಗದ ಒಂದು ಲ್ಯಾಬ್‌ನಲ್ಲಿ ನಾನು ಒತ್ತಿದ್ದೆ. ಮುಂದಿನ ಪರದೆಯಲ್ಲಿ ಡಿಸ್ಕೇ ಇಲ್ಲ ಅಂತ ಬಂತು. ಡಿಸ್ಕ್ ಹೋಯಿತು ಅಂದುಕೊಂಡು ಕ್ಯಾಬಿನೆಟ್ ಬಿಚ್ಚಿ, ಸಾಟಾ ಕೇಬಲ್ ಬದಲಿಸಿ, ಧೂಳು ಒರೆಸಿ, ಅರ್ಧ ದಿನ ಕಳೆದೆ. ಡಿಸ್ಕ್ ಪಾಪ ಚೆನ್ನಾಗೇ ಇತ್ತು. ಅದನ್ನು ಗುರುತಿಸುವ ಮಾಡ್ಯೂಲ್ ಬಂದಿರಲಿಲ್ಲ.

ಪರಿಹಾರ ಸುಲಭ. ಹೊಸ ಮಿನಿ ಐಎಸ್ಒ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಮತ್ತೆ ಬರೆಯಿರಿ. ಡೆಬಿಯನ್ ಸರ್ವರ್‌ನಲ್ಲಿ ಇನ್‌ಸ್ಟಾಲರ್ ಫೋಲ್ಡರ್ ಒಳಗೆ ‘ಕರೆಂಟ್’ ಅಂತ ಇರುತ್ತದೆ, ಅಲ್ಲಿಂದಲೇ ತೆಗೆದುಕೊಳ್ಳಿ. ಬರೆಯುವ ಮೊದಲು ಎಸ್‌ಎಚ್‌ಎ256 ಮೊತ್ತ (ಫೈಲ್ ಸರಿಯಾಗಿ ಇಳಿದಿದೆಯಾ ಅಂತ ನೋಡುವ ಸಂಕೇತ) ತಾಳೆ ನೋಡಿ. ಕ್ಲಾಸ್‌ನಲ್ಲಿ ಪಿಎಕ್ಸ್ಇ ಬೂಟ್ (ಪೆನ್‌ಡ್ರೈವ್ ಇಲ್ಲದೆ ನೆಟ್‌ವರ್ಕ್‌ನಿಂದಲೇ ಮಷೀನ್ ಶುರು ಮಾಡುವುದು) ಇಟ್ಟುಕೊಂಡಿದ್ದರೆ ಕರ್ನಲ್ ಫೈಲ್, ಅದರ ಜೊತೆ ಲೋಡ್ ಆಗುವ ಇನಿಟ್‌ಆರ್‌ಡಿ ಫೈಲ್ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದನ್ನು ಮರೆತರೆ ಮತ್ತೆ ಇದೇ ಗೋಳು. ಹೊಸದು ಹಾಕಿದ ಮೇಲೂ ಅದೇ ತೊಂದರೆ ಬಂದರೆ ನಿಮ್ಮ ಮಿರರ್ ಇನ್ನೂ ಅಪ್‌ಡೇಟ್ ಆಗಿರಲಿಕ್ಕಿಲ್ಲ. ಬೇರೆ ಮಿರರ್ ಆರಿಸಿ ನೋಡಿ.

ಪದೇ ಪದೇ ಇನ್‌ಸ್ಟಾಲ್ ಮಾಡುವ ನಿಮ್ಮಂಥವರಿಗೆ ಮಿನಿ ಯಾಕೆ ಬೇಕು ಅನ್ನೋದು ನನ್ನ ಪ್ರಶ್ನೆ. ಡೆಬಿಯನ್‌ನದೇ ಇನ್ನೊಂದು ಐಎಸ್ಒ ನೆಟ್‌ಇನ್‌ಸ್ಟ್ (netinst) ಇಟ್ಟುಕೊಳ್ಳಿ. ಸೈಜ್ ಜಾಸ್ತಿ, ಆದರೆ ಅದರ ಕರ್ನಲ್‌ಗೆ ಬೇಕಾದ ಮಾಡ್ಯೂಲ್‌ಗಳು ಅದರೊಳಗೇ ಇರುತ್ತವೆ. ಆರು ತಿಂಗಳು ಡ್ರಾಯರ್‌ನಲ್ಲಿ ಬಿದ್ದಿದ್ದರೂ ಈ ಕಾರಣಕ್ಕೆ ನಿಲ್ಲುವುದಿಲ್ಲ. ಹೊಸ ಪ್ಯಾಕೇಜ್‌ಗಳನ್ನು ನೆಟ್‌ನಿಂದ ತಂದುಕೊಳ್ಳುತ್ತದೆ. ಪೆನ್‌ಡ್ರೈವ್ ಮೇಲೆ ಚೀಟಿ ಅಂಟಿಸಿ ತಾರೀಖು ಬರೆದಿಡಿ. ನನ್ನದರ ಮೇಲೆ ‘ಹೊಸದು’ ಅಂತ ಬರೆದಿದ್ದೆ, ಯಾವಾಗಿನ ಹೊಸದೋ ಗೊತ್ತಿಲ್ಲ.