ನೇತ್ರಾಣಿಯ ನೀರಿಗೆ ಯಾವ ಕ್ಯಾಮೆರಾ?

ರಾತ್ರಿ ಬಸ್ಸಿನಲ್ಲಿ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವ್ ಮಾಡುವ ಬೆಂಗಳೂರಿಗರು ಕ್ಯಾಮೆರಾ ಕೊಳ್ಳುವಾಗ ಮೊದಲು ಕೇಳುವುದು ಮೆಗಾಪಿಕ್ಸೆಲ್ ಎಷ್ಟು ಅಂತ. ನೀರಿನಡಿ ಆ ಅಂಕಿಯಿಂದ ಹೆಚ್ಚೇನೂ ಆಗುವುದಿಲ್ಲ. ಚಿತ್ರ ಕೆಡಿಸುವುದು ಲೆನ್ಸಿಗೂ ಮೀನಿಗೂ ನಡುವೆ ನಿಂತ ನೀರು. ಐದು ಮೀಟರ್ ಇಳಿಯುವಷ್ಟರಲ್ಲಿ ಕೆಂಪಿನ ಬಹುಪಾಲನ್ನು ನೀರು ನುಂಗಿರುತ್ತದೆ. ಹತ್ತು ಮೀಟರಿನಲ್ಲಿ ಕೆಂಪು ಮೀನೂ ಬೂದು ಬಣ್ಣದ್ದಾಗಿ ಕಾಣುತ್ತದೆ. ಜೂಮ್ ಹಾಕಿದರೆ ಆ ಮಬ್ಬೇ ದೊಡ್ಡದಾಗುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು, ಕ್ಯಾಮೆರಾ ಎಷ್ಟು ಹತ್ತಿರದಿಂದ ಫೋಕಸ್ ಮಾಡುತ್ತದೆ ಎನ್ನುವುದು.

ಈ ಲೆಕ್ಕದಲ್ಲಿ ನಮ್ಮ ಆಯ್ಕೆ ಒಎಂ ಸಿಸ್ಟಮ್‌ನ ಟಿಜಿ-7. ಸೆನ್ಸರ್ ಬರೀ 12 ಮೆಗಾಪಿಕ್ಸೆಲ್, ಆದರೆ ಲೆನ್ಸಿನಿಂದ 1 ಸೆಂ.ಮೀ. ದೂರದಲ್ಲೂ ಫೋಕಸ್ ಸಿಗುತ್ತದೆ, ರಾ ಫೈಲ್ (ಆಮೇಲೆ ಬಣ್ಣ ತಿದ್ದಲು ಅನುಕೂಲವಾದ ಕಚ್ಚಾ ಚಿತ್ರ) ಕೊಡುತ್ತದೆ. ಹಣ ಸಾಲದಿದ್ದರೆ 2019ರ ಟಿಜಿ-6 ಸೆಕೆಂಡ್ ಹ್ಯಾಂಡ್ ಹುಡುಕಿ. ಎರಡಕ್ಕೂ ಪಿಟಿ-059 ಹೌಸಿಂಗ್ (ಕ್ಯಾಮೆರಾ ಒಳಗಿಟ್ಟು ಮುಚ್ಚುವ, ನೀರು ನುಗ್ಗದ ಗಟ್ಟಿ ಪೆಟ್ಟಿಗೆ) ಒಂದೇ. ಹೌಸಿಂಗ್ ಯಾಕೆ? ಟಿಜಿ ಬರಿಮೈಯಲ್ಲಿ 15 ಮೀಟರ್‌ಗೆ ಮಾತ್ರ, ಓಪನ್ ವಾಟರ್ ಸರ್ಟಿಫಿಕೇಟ್ (ಸ್ಕೂಬಾದ ಮೊದಲ ಹಂತದ ಅರ್ಹತೆ) ಇರುವವರು 18 ಮೀಟರ್‌ವರೆಗೆ ಇಳಿಯುತ್ತಾರೆ. ಮಿತಿ ದಾಟಿದರೆ ಮೊದಲು ಬಟನ್‌ಗಳು ಒತ್ತಡಕ್ಕೆ ಒಳಗೇ ಕೂರುತ್ತವೆ, ಆಮೇಲೆ ನೀರು. ಹೌಸಿಂಗ್ ಇದ್ದರೆ 45 ಮೀಟರ್.

ಮೊದಲ ಡೈವ್‌ಗೆ, ವಿಡಿಯೋಗೆ, ಗೆಳೆಯರ ಇಡೀ ಗುಂಪು ಹಿಡಿಯುವುದಕ್ಕೆ ಆ್ಯಕ್ಷನ್ ಕ್ಯಾಮೆರಾ ಸಾಕು. ಗೋಪ್ರೋ ಹೀರೋ 12 ಕೇಸ್ ಇಲ್ಲದೆ 10 ಮೀಟರ್, ಡಿಜೆಐ ಆ್ಯಕ್ಷನ್ 4 ಆದರೆ 18. ಎರಡಕ್ಕೂ ಕೇಸ್ ಹಾಕಿದರೆ 60. ಆದರೆ ಸುಮಾರು ಒಂದು ಅಡಿಗಿಂತ ಹತ್ತಿರ ಹೋದರೆ ಮಸುಕು. ಬೆರಳುದ್ದದ ಕಡಲ ಗೊಂಡೆಹುಳಕ್ಕೆ (ಚಿಪ್ಪಿಲ್ಲದ ಬಸವನಹುಳದಂಥ ಜೀವಿ) ಇವು ಆಗಿಬರುವುದಿಲ್ಲ. ಮೊಬೈಲಿನ ಐಪಿ68 ಎಂಬ ನೀರುನಿರೋಧಕ ದರ್ಜೆ ನಂಬಿ ಉಪ್ಪುನೀರಿಗೆ ಇಳಿಯಲೇಬೇಡಿ, ಆ ಪರೀಕ್ಷೆ ನಡೆಯುವುದು ನಿಂತ ಸಿಹಿನೀರಿನಲ್ಲಿ.

ಬಜೆಟ್ಟಿನ ಮೂರನೇ ಒಂದು ಪಾಲು ಬೆಳಕಿಗೆ ಮೀಸಲಿಡಿ. ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ನೀರಿನ ಕಣಗಳೆಲ್ಲ ಬೆಳಗಿ ಚಿತ್ರದ ತುಂಬ ಹಿಮ ಬಿದ್ದಂತಾಗುತ್ತದೆ. ಕ್ಯಾಮೆರಾ ಕೂರಿಸುವ ಟ್ರೇ, ಅದಕ್ಕೆ ಲೈಟ್ ಸಿಕ್ಕಿಸುವ ತೋಳು, 1,000–2,000 ಲ್ಯೂಮೆನ್‌ನ ಒಂದು ವಿಡಿಯೋ ಲೈಟ್ ಕೊಳ್ಳಿ. ಲೈಟನ್ನು ಪಕ್ಕಕ್ಕೆ ಚಾಚಿ ಓರೆಯಾಗಿ ಹಿಡಿಯಿರಿ. ಲೈಟ್ ಹಾಕಿದಾಗ ಕೆಂಪು ಫಿಲ್ಟರ್ ಬೇಡ. ಫಿಲ್ಟರ್ ಬಿಸಿಲಿನ ಬೆಳಕಿಗೆ, ಅದೂ ನೀಲಿ ನೀರಿಗೆ. ನೀರು ಹಸಿರಾಗಿದ್ದರೆ ಮೆಜೆಂಟಾ ಬೇಕು.

ಹೌಸಿಂಗಿಗೆ ನೀರು ನುಗ್ಗುವುದು ಹೆಚ್ಚಾಗಿ ಓ-ರಿಂಗ್ (ಮುಚ್ಚಳದ ಅಂಚಿನ ರಬ್ಬರ್ ಬಳೆ) ಮೇಲೆ ಕೂತ ಒಂದು ಕೂದಲು ಅಥವಾ ಮರಳಿನ ಕಣದಿಂದ. ರಿಂಗನ್ನು ಬೆರಳಿನಲ್ಲೇ ಬಿಡಿಸಿ, ಪಿನ್ನು ತಾಗಿಸಬೇಡಿ. ನೂಲು ಬಿಡದ ಬಟ್ಟೆಯಲ್ಲಿ ರಿಂಗ್ ಕೂರುವ ಸಂದನ್ನೂ ಒರೆಸಿ, ಆ ಕಂಪನಿಯದೇ ಗ್ರೀಸ್ ಅನ್ನು ರಿಂಗ್ ಹೊಳೆಯುವಷ್ಟು ಮಾತ್ರ ಸವರಿ. ಗ್ರೀಸ್ ನೀರು ತಡೆಯುವುದಿಲ್ಲ, ರಿಂಗ್ ಸರಾಗವಾಗಿ ಕೂರಲು ನೆರವಾಗುತ್ತದೆ ಅಷ್ಟೇ. ಹೆಚ್ಚಾದರೆ ಕಸವನ್ನು ಅದೇ ಹಿಡಿದಿಡುತ್ತದೆ. ಹೊಸ ಹೌಸಿಂಗ್ ಒಳಗೆ ಟಿಶ್ಯೂ ಪೇಪರ್ ಮಾತ್ರ ಇಟ್ಟು, ಭಾರ ಕಟ್ಟಿ, ತರಬೇತಿಯ ಈಜುಕೊಳದ ತಳದಲ್ಲಿ ಅರ್ಧ ಗಂಟೆ ಬಿಡಿ. ಪೇಪರ್ ಒಣಗಿದ್ದರೆ ಕ್ಯಾಮೆರಾ ಹಾಕಬಹುದು. ದೋಣಿಯ ತೇವದ ಗಾಳಿಯಲ್ಲಿ ಹೌಸಿಂಗ್ ಮುಚ್ಚಿದರೆ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಹಿಂದಿನ ರಾತ್ರಿ ಎಸಿ ಕೋಣೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿಡಿ.

ನೀರಿನಿಂದ ಮೇಲೆ ಬಂದ ಕೂಡಲೇ, ಉಪ್ಪು ಒಣಗುವ ಮೊದಲೇ, ಮುಚ್ಚಿದ ಹೌಸಿಂಗನ್ನು ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಪ್ರತಿ ಬಟನ್ನನ್ನೂ ಹತ್ತಾರು ಸಲ ಒತ್ತಿ. ಮನೆಗೆ ಬಂದು ಇನ್ನೊಮ್ಮೆ ತೊಳೆಯುವಾಗ ಕಾವೇರಿ ನೀರು ಬಳಸಿ. ಬೋರ್‌ವೆಲ್ಲಿನ ಗಡಸು ನೀರು ಒಣಗಿದರೆ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ.