ಎ ಖಾತಾನಾ, ಬಿ ಖಾತಾನಾ? ಬೆಂಗಳೂರಿನ ಮನೆಗಳ ಬೆಲೆ ಹಿಡಿದಿಟ್ಟ ಒಂದು ಅಕ್ಷರ

2025ರ ದೀಪಾವಳಿ ಕಳೆದ ಮೇಲೆ ನಮ್ಮ ಚಿಕ್ಕಪ್ಪ ಮನೆ ಮಾರಲು ಹೊರಟರು. ಬ್ರೋಕರ್ ಹತ್ತಿರ ನಾನೂ ಹೋಗಿದ್ದೆ. ಅವರು ಬೋರ್‌ವೆಲ್ ಕೇಳಲಿಲ್ಲ, ವಾಸ್ತು ಕೇಳಲಿಲ್ಲ. ಮೊದಲು ಕೇಳಿದ್ದು ಇಷ್ಟೇ: “ಎ ಖಾತಾನಾ ಸಾರ್, ಬಿ ಖಾತಾನಾ?”

ಚಿಕ್ಕಪ್ಪ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ಟೇಬಲ್ ಮೇಲಿಟ್ಟರು. 1996ರ ಕ್ರಯಪತ್ರ. ಗ್ರಾಮ ಪಂಚಾಯಿತಿಯ ಕಂದಾಯ ರಸೀದಿಗಳು, ಮಡಿಕೆಯಲ್ಲಿ ಹರಿದಿದ್ದಕ್ಕೆ ಟೇಪ್ ಹಚ್ಚಿದವು. ಕರೆಂಟ್ ಬಿಲ್. ಕ್ರಯಪತ್ರದ ಕೊನೆಯಲ್ಲಿ ಚೆಕ್ಕುಬಂದಿ, ಅದರ ಮೇಲೆ ಒಂದು ಖಾನೇಶುಮಾರಿ ನಂಬರ್, ಅಂದರೆ ಪಂಚಾಯಿತಿ ಕೊಟ್ಟ ಮನೆ ನಂಬರ್. ಬ್ರೋಕರ್ ಆ ನಂಬರಿನ ಮೇಲೆ ಬೆರಳಿಟ್ಟು, “ಇದು ಬಿ. ಹಿಂದಿನ ರಸ್ತೆ ರೇಟು ಇದಕ್ಕೆ ಬರಲ್ಲ” ಅಂದರು. 29 ವರ್ಷ ತಪ್ಪದೆ ಕಂದಾಯ ಕಟ್ಟಿದ ಮನುಷ್ಯ ಸುಮ್ಮನೆ ಕೂತುಬಿಟ್ಟರು. ಆ ಮುಖ ನೋಡಿದ ಮೇಲೆ ಈ ಅಕ್ಷರ ಎಲ್ಲಿಂದ ಬಂತು ಅಂತ ಹುಡುಕದೆ ಇರಲು ನನಗೆ ಆಗಲಿಲ್ಲ.

ಮೊದಲು ಒಂದು ಮಾತು. ಖಾತಾ ಅಂದರೆ ಒಡೆತನದ ಪತ್ರ ಅಲ್ಲ. ಈ ಆಸ್ತಿಗೆ ಕಂದಾಯ ಕಟ್ಟಬೇಕಾದವರು ಯಾರು ಅನ್ನೋದನ್ನು ಸ್ಥಳೀಯ ಸಂಸ್ಥೆ ಬರೆದಿಟ್ಟುಕೊಳ್ಳುವ ಲೆಕ್ಕ ಅದು. ಒಡೆತನ ನೋಡಬೇಕಾದರೆ ಕ್ರಯಪತ್ರ, ಮೂಲಪತ್ರ, ಈಸಿ (ಆಸ್ತಿ ಮೇಲಿನ ಮಾರಾಟ, ಸಾಲಗಳ ಋಣಭಾರ ಪತ್ರ) ನೋಡಬೇಕು. ಆದರೂ ಮಾರುಕಟ್ಟೆಯಲ್ಲಿ ಬೆಲೆ ನಿಲ್ಲುವುದು ಖಾತಾ ಮೇಲೆ.

ಬೆಂಗಳೂರಿನಲ್ಲಿ ಯೋಜನೆ ಹಾಕಿ ಬಡಾವಣೆ ಕಟ್ಟುವುದು ಹಳೆಯ ರೂಢಿ. 1898ರ ಪ್ಲೇಗ್ ನಂತರ ಬಸವನಗುಡಿ, ಮಲ್ಲೇಶ್ವರಂ ಬೆಳೆದವು. 1945ರಲ್ಲಿ ಬಡಾವಣೆ ಕಟ್ಟಲು ಸಿಐಟಿಬಿ ಅನ್ನೋ ಸರ್ಕಾರಿ ಮಂಡಳಿ ಬಂತು. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಬಂತು. ಅಗಲ ರಸ್ತೆ, ಪಾರ್ಕು, ಆಟದ ಮೈದಾನ ಬಿಟ್ಟು ಸೈಟು ಹಂಚುವ ಕೆಲಸ ನಡೆದೇ ಇತ್ತು. ಆದರೆ ಜನ ಬಂದ ವೇಗಕ್ಕೆ ಅದು ಸಾಲಲಿಲ್ಲ. 1971ರಲ್ಲಿ ಸುಮಾರು 16 ಲಕ್ಷ ಇದ್ದ ಜನಸಂಖ್ಯೆ 1991ಕ್ಕೆ 41 ಲಕ್ಷ, 2011ಕ್ಕೆ 85 ಲಕ್ಷದ ಹತ್ತಿರ ಬಂತು. ಬಿಡಿಎ ಸೈಟಿಗೆ ಅರ್ಜಿ ಹಾಕಿ ಎರಡು ಸಲ, ಮೂರು ಸಲ ಸಿಗದೆ ಹೋದವರು ಪ್ರತಿ ಬೀದಿಯಲ್ಲೂ ಇದ್ದರು. ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ನಮ್ಮ ಚಿಕ್ಕಪ್ಪನೂ ಅವರಲ್ಲೊಬ್ಬರು.

ಆ ಕೊರತೆಯಲ್ಲಿ ಹುಟ್ಟಿದ್ದೇ ರೆವಿನ್ಯೂ ಸೈಟು, ಅಂದರೆ ಕೃಷಿ ಜಮೀನನ್ನು ಮಂಜೂರಾತಿ ಇಲ್ಲದೆ ತುಂಡು ಮಾಡಿ ಮಾರಿದ ಸೈಟು. ಇದರ ಲೆಕ್ಕ ಬಹಳ ಸರಳ. ಒಂದು ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ಕಾನೂನು ಪ್ರಕಾರ ಲೇಔಟ್ ಮಾಡಿದರೆ ರಸ್ತೆ, ಪಾರ್ಕು, ಸಾರ್ವಜನಿಕ ಸೌಲಭ್ಯಕ್ಕೆ ಅಂತ ಹೆಚ್ಚುಕಡಿಮೆ ಅರ್ಧ ಜಾಗ ಹೋಗುತ್ತದೆ. ಉಳಿದದ್ದರಲ್ಲಿ 30x40 ಅಡಿ ಸೈಟು ಇಪ್ಪತ್ತರ ಆಸುಪಾಸು ಬಂದರೆ ಹೆಚ್ಚು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತನೆ ಮಾಡಿಸಬೇಕು, ನಕ್ಷೆಗೆ ಮಂಜೂರಾತಿ ಬೇಕು. ಇದನ್ನೆಲ್ಲ ಬಿಟ್ಟು, ರಾಗಿ ಹೊಲಕ್ಕೆ 20 ಅಡಿ ರಸ್ತೆ ಎಳೆದು, ಮೂಲೆ ಮೂಲೆಗೆ ಕಲ್ಲು ನೆಟ್ಟರೆ ಅದೇ ಎಕರೆಯಲ್ಲಿ ಇನ್ನೂ ಏಳೆಂಟು ಸೈಟು ಜಾಸ್ತಿ ಸಿಗುತ್ತದೆ. ರೇಟೂ ಕಮ್ಮಿ, ಕಂತಿನಲ್ಲೂ ಕೊಡಬಹುದು. ಸಂಬಳದಲ್ಲಿ ಉಳಿಸಿದ ದುಡ್ಡಿಗೆ ಸಿಗುತ್ತಿದ್ದದ್ದು ಅದೊಂದೇ.

ಇದರಲ್ಲಿ ನನಗೆ ಅತ್ಯಂತ ನೋವಾಗುವುದು ಒಂದೇ ವಿಷಯ. ಈ ಸೈಟುಗಳ ವ್ಯಾಪಾರ ಕತ್ತಲಲ್ಲಿ ನಡೆದದ್ದಲ್ಲ. ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಿಕೊಂಡು ಕ್ರಯಪತ್ರ ರಿಜಿಸ್ಟರ್ ಆಯಿತು. ಪಂಚಾಯಿತಿ ನಂಬರ್ ಕೊಟ್ಟಿತು. ಕರೆಂಟ್ ಬಂತು. ಯಾವ ಕೌಂಟರಿನಲ್ಲೂ “ತಡೀರಿ, ಇದು ತಪ್ಪು” ಅಂತ ಹೇಳುವವರು ಇರಲಿಲ್ಲ.

2007ರಲ್ಲಿ ಹಳೆಯ ಮಹಾನಗರ ಪಾಲಿಕೆಗೆ 7 ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ಒಂದೇ ಏಟಿಗೆ ಲಕ್ಷಾಂತರ ರೆವಿನ್ಯೂ ಸೈಟುಗಳು ಪಾಲಿಕೆ ಒಳಗೆ ಬಂದವು. ಅವುಗಳಿಂದ ತೆರಿಗೆ ಬೇಕು, ಆದರೆ ಅವು ಸಕ್ರಮ ಅಂತ ಒಪ್ಪಲು ಆಗದು. ದಾರಿ ತೋರಿಸಿದ್ದು ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆಯ 108ಎ ಕಲಂ. ಅನಧಿಕೃತ ಕಟ್ಟಡಕ್ಕೂ ತೆರಿಗೆ ಹಾಕಬಹುದು, ತೆರಿಗೆ ಕಟ್ಟಿದ ಮಾತ್ರಕ್ಕೆ ಅದು ಸಕ್ರಮ ಆಗುವುದಿಲ್ಲ, ಇಂಥ ಆಸ್ತಿಗಳನ್ನು ಬೇರೆ ಪುಸ್ತಕದಲ್ಲಿ ಬರೆಯಬೇಕು ಅನ್ನುತ್ತದೆ ಅದು. ಆ ಬೇರೆ ಪುಸ್ತಕವೇ ಬಿ ರಿಜಿಸ್ಟರ್. ತೆರಿಗೆ ಗುಮಾಸ್ತರ ಅನುಕೂಲಕ್ಕೆ ತೆರೆದ ಪುಸ್ತಕ ಜನರ ಬಾಯಲ್ಲಿ ‘ಬಿ ಖಾತಾ’ ಆಯಿತು; ಸಕ್ರಮ ಆಸ್ತಿಗಳ ಮಾಮೂಲಿ ಖಾತಾ ‘ಎ ಖಾತಾ’ ಆಯಿತು.

ಮುಂದಿನದನ್ನು ಮಾರುಕಟ್ಟೆ ಮಾಡಿತು. ಬಿ ಖಾತಾಗೆ ಪ್ಲಾನ್ ಮಂಜೂರಾಗಲ್ಲ. ಸರ್ಕಾರಿ ಬ್ಯಾಂಕುಗಳು ಸಾಲಕ್ಕೆ ಹಿಂದೇಟು ಹಾಕುತ್ತವೆ. ಸಾಲ ಸಿಗುವುದು ಹೆಚ್ಚಾಗಿ ಜಾಸ್ತಿ ಬಡ್ಡಿಯ ಫೈನಾನ್ಸ್ ಕಂಪನಿಗಳಲ್ಲಿ. ಹಾಗಾಗಿ ಕೊಳ್ಳುವವರು ಕೈಯಲ್ಲಿ ಪೂರ್ತಿ ದುಡ್ಡಿರುವವರೇ ಆಗಬೇಕು. ಅಂಥವರು ಕಮ್ಮಿ, ಅವರು ಚೌಕಾಸಿಯನ್ನೂ ಚೆನ್ನಾಗಿ ಮಾಡುತ್ತಾರೆ. ಮಾರುವವರಿಗೆ ಅರ್ಜೆಂಟ್ ಇದ್ದರಂತೂ ಕೇಳುವುದೇ ಬೇಡ. ಮಗಳ ಮದುವೆ, ಆಸ್ಪತ್ರೆ ಖರ್ಚು ಅಂತ ಮಾರಿದ ಎಷ್ಟೋ ಮನೆಗಳು ಹೀಗೆಯೇ ಕೈಬಿಟ್ಟು ಹೋಗಿವೆ.

ದಂಡ ಕಟ್ಟಿಸಿಕೊಂಡು ಇಂಥ ಆಸ್ತಿಗಳನ್ನು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆ ಬಂದಾಗ ಜನ ಆಸೆಪಟ್ಟರು. ಹೈಕೋರ್ಟ್ 2016ರ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಲ್ಲಿಗೆ ಅದು ನಿಂತಿತು.

2024ರ ಅಕ್ಟೋಬರಿನಿಂದ ಆಸ್ತಿ ನೋಂದಣಿಗೆ ಇ-ಖಾತಾ, ಅಂದರೆ ಕಂಪ್ಯೂಟರಿನಲ್ಲಿರುವ ಖಾತಾ, ಕಡ್ಡಾಯ ಆಯಿತು. ಒಂದೇ ಸೈಟನ್ನು ಇಬ್ಬರಿಗೆ ಮಾರುವ ಮೋಸ ತಡೆಯಲು ಇದು ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಆದರೆ ಮೊದಲ ತಿಂಗಳುಗಳಲ್ಲಿ ಮಾರುವವರು ಪಟ್ಟ ಪಾಡು ಸಣ್ಣದಲ್ಲ. ಕ್ರಯಪತ್ರದಲ್ಲಿ ‘ಬಿನ್’ ಹಾಕಿ ತಂದೆಯ ಪೂರ್ತಿ ಹೆಸರು, ಆಧಾರ್‌ನಲ್ಲಿ ಬರೀ ಇನಿಷಿಯಲ್. ಇಬ್ಬರೂ ಒಬ್ಬರೇ ಅಂತ ಒಪ್ಪಿಸಲು ಮತ್ತೆ ಮತ್ತೆ ಅಲೆದಾಟ. ಕೊಳ್ಳುವವರ ಖರ್ಚೂ ಏರಿತು: 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2 ಆಯಿತು. ಅದರ ಜೊತೆಗೆ ಸ್ಟ್ಯಾಂಪ್ ಡ್ಯೂಟಿ, ಸೆಸ್ ಬೇರೆ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು 5 ಪಾಲಿಕೆಗಳು ಬಂದವು. ನವೆಂಬರಿನಲ್ಲಿ ಬಿ ಖಾತಾ ಸೈಟನ್ನು ಎ ಮಾಡಿಕೊಡುವ ಯೋಜನೆ ಶುರುವಾಯಿತು. ಆಗ ಹೇಳಿದ ಶುಲ್ಕ ಮಾರ್ಗಸೂಚಿ ಬೆಲೆಯ (ನೋಂದಣಿಗೆ ಸರ್ಕಾರ ನಿಗದಿ ಮಾಡುವ ಬೆಲೆ) ಶೇ. 5. ಚದರ ಅಡಿಗೆ 3,000 ರೂಪಾಯಿ ಮಾರ್ಗಸೂಚಿ ಬೆಲೆ ಇರುವ ಕಡೆ 30x40 ಸೈಟಿನ ಬೆಲೆ 36 ಲಕ್ಷ ಅಂತ ಹಿಡಿದರೆ, ಕಟ್ಟಬೇಕಾದ್ದು 1.8 ಲಕ್ಷ. ಎ ಆದ ಮೇಲೆ ಬ್ಯಾಂಕ್ ಸಾಲದವರೂ ಮನೆ ನೋಡಲು ಬರುತ್ತಾರೆ, ಆ ಲೆಕ್ಕದಲ್ಲಿ ಇದು ದೊಡ್ಡ ಮೊತ್ತ ಅಲ್ಲ. ಆದರೆ ಪಿಂಚಣಿಯಲ್ಲಿ ಬದುಕುವವರಿಗೆ ದೊಡ್ಡದೇ, ಅಲ್ವಾ?

ಕೊಳ್ಳುವವರು ಒಂದನ್ನು ಮರೆಯಬಾರದು. ಅಕ್ಷರ ಬದಲಾದರೆ ರಸ್ತೆ ಅಗಲ ಆಗಲ್ಲ, ಬಿಡದೇ ಹೋದ ಪಾರ್ಕು ಹುಟ್ಟಲ್ಲ. ಅಡ್ವಾನ್ಸ್ ಕೊಡುವ ಮೊದಲು ಟೇಪ್ ಹಿಡಿದು ರಸ್ತೆ ಅಳೆಯಿರಿ. ಫೈರ್ ಇಂಜಿನ್ ತಿರುಗುತ್ತದಾ ನೋಡಿ. ಮಳೆ ಬಂದ ದಿನ ಒಮ್ಮೆ ಹೋಗಿ ನೀರು ಎಲ್ಲಿ ನಿಲ್ಲುತ್ತದೆ ಅಂತ ನೋಡಿ ಬನ್ನಿ.

ಚಿಕ್ಕಪ್ಪನ ಮನೆಗೆ ಗಿರಾಕಿ ಸಿಕ್ಕರು. ಆರು ತಿಂಗಳ ಅಗ್ರಿಮೆಂಟ್. ಖಾತಾ ಎ ಆದ ಮೇಲೆಯೇ ರಿಜಿಸ್ಟ್ರೇಷನ್. ಶುಲ್ಕದಲ್ಲಿ ಅರ್ಧ ಮಾರುವವರದು, ಅರ್ಧ ಕೊಳ್ಳುವವರದು ಅಂತ ಮೂರನೇ ಪುಟದಲ್ಲಿ ಬರೆಸಿದ್ದಾರೆ. ಆ ಸಾಲಿನ ಪಕ್ಕ ಇಬ್ಬರ ಸಹಿಯೂ ಇದೆ.