ಆರ್‌ಟಿಇ ಸೀಟು ಎಲ್ಲಿ ಹೋಯಿತು?

ಏಪ್ರಿಲ್ ಬಂತೆಂದರೆ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ‘ಆರ್‌ಟಿಇ ಅರ್ಜಿ ಯಾವಾಗ್ರಿ?’ ಶಿಕ್ಷಣ ಹಕ್ಕು ಕಾಯ್ದೆಯಡಿ (ಅದೇ ಆರ್‌ಟಿಇ) ಖಾಸಗಿ ಶಾಲೆಯಲ್ಲಿ ಸಿಗುತ್ತಿದ್ದ ಆ ಉಚಿತ ಸೀಟು ಈಗ ಹೆಚ್ಚು ಉಳಿದಿಲ್ಲ ಎಂದರೆ ನಂಬುವುದಿಲ್ಲ. ಅವರ ಅಣ್ಣನ ಮಗನಿಗೆ ಸಿಕ್ಕಿತ್ತು, ಅಲ್ವಾ?

ಕನ್ನಡ ಶಾಲೆ ಈ ಭಾಗಕ್ಕೆ ಸುಮ್ನೆ ಬಂದದ್ದಲ್ಲ. ಮುಂಬೈ ಪ್ರಾಂತ್ಯದಲ್ಲಿ ಮರಾಠಿಯದೇ ಜೋರು ಇದ್ದಾಗ, 1860ರ ದಶಕದಲ್ಲಿ, ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು ಹಟ ಹಿಡಿದು ಕನ್ನಡ ಶಾಲೆ ತೆರೆಸಿದರು. ಏಕೀಕರಣವಾಯಿತು, ಶಾಲೆ ಹಳ್ಳಿಹಳ್ಳಿ ಮುಟ್ಟಿತು. 2001ರಲ್ಲಿ ಪಾಲಕರೇ ಇರುವ ಶಾಲಾ ಸಮಿತಿ, ಅಂದರೆ ಎಸ್‌ಡಿಎಂಸಿ ಬಂತು. ಹಿಂದೆಯೇ ಬಿಸಿಯೂಟ, ಸೈಕಲ್, 2013ರಲ್ಲಿ ಹಾಲು.

ಗೋಜಲು ಶುರುವಾದದ್ದು ಶಿಕ್ಷಣ ಹಕ್ಕು ಕಾಯ್ದೆಯಿಂದ. ಅದು 2010ರ ಏಪ್ರಿಲ್ 1ರಂದು ಜಾರಿಯಾಯಿತು. ಖಾಸಗಿ ಶಾಲೆಯ ಶೇ. 25 ಸೀಟು ಬಡವರ ಮತ್ತು ಹಿಂದುಳಿದವರ ಮಕ್ಕಳಿಗೆ, ಫೀ ಸರಕಾರದ್ದು. ನಮ್ಮಲ್ಲಿ 2012-13ರಿಂದ ಪ್ರವೇಶ ಶುರು. ಒಂದು ಮಗುವಿಗೆ ವರ್ಷಕ್ಕೆ 16,000 ರೂಪಾಯಿವರೆಗೂ ಸರಕಾರ ಕೊಟ್ಟಿತು. ಆ ವರ್ಷಗಳು ನನಗೆ ಕಣ್ಣಿಗೆ ಕಟ್ಟಿದಂತಿವೆ. ಸೈಬರ್ ಸೆಂಟರ್ ಮುಂದೆ ಪಾಳಿ, ಆದಾಯ ಪ್ರಮಾಣಪತ್ರಕ್ಕೆ ಓಡಾಟ, ಸೀಟು ಹಂಚುವ ಲಾಟರಿ ದಿನ ದೇವರಿಗೆ ಕಾಯಿ. ಆಟೊ ಓಡಿಸುವವರ ಮಗಳು ಟೈ ಕಟ್ಟಿಕೊಂಡು ಇಂಗ್ಲಿಷ್ ಶಾಲೆಗೆ ಹೋದಳು. ಆ ಮನೆಯ ಸಂತೋಷವನ್ನು ಯಾರೂ ಸಣ್ಣದು ಮಾಡಬಾರದು.

ಆದರೆ ಅದೇ ವಾರ್ಡಿನ ಸರಕಾರಿ ಶಾಲೆಯಲ್ಲಿ ಒಂದನೇ ತರಗತಿ ತೆಳ್ಳಗಾಯಿತು. ಮಕ್ಕಳು ಕಡಿಮೆಯಾದರೆ ಮಾಸ್ತರರು ‘ಹೆಚ್ಚುವರಿ’ ಆಗಿ ಬೇರೆ ಕಡೆ ಹೋಗುತ್ತಾರೆ. ಮಾಸ್ತರರಿಲ್ಲವೆಂದು ಇನ್ನಷ್ಟು ಮಕ್ಕಳು ಬಿಡುತ್ತಾರೆ.

2019ರ ಜನವರಿಯಲ್ಲಿ ರಾಜ್ಯ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅನುದಾನರಹಿತ ಖಾಸಗಿ ಶಾಲೆ ಸೀಟು ಕೊಡಬೇಕಿಲ್ಲ. ಮೇ ತಿಂಗಳಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ರಾಜ್ಯದಲ್ಲಿ 1.5 ಲಕ್ಷದಷ್ಟಿದ್ದ ಸೀಟು ಒಂದೇ ವರ್ಷದಲ್ಲಿ 20 ಸಾವಿರದೊಳಕ್ಕೆ ಇಳಿಯಿತು. ಹುಬ್ಬಳ್ಳಿ-ಧಾರವಾಡದಂಥ ಊರಲ್ಲಿ ಸರಕಾರಿ ಶಾಲೆ ಇಲ್ಲದ ವಾರ್ಡು ಎಲ್ಲಿ ಹುಡುಕಬೇಕು?

ಬದಲಿಗೆ ಬಂದದ್ದು ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಕಡೆ ಕಲಿಸುವ ಸರಕಾರಿ ಕರ್ನಾಟಕ ಪಬ್ಲಿಕ್ ಶಾಲೆ ಮತ್ತು 2019-20ರಲ್ಲಿ 1,000 ಸರಕಾರಿ ಶಾಲೆಗಳಿಗೆ ಇಂಗ್ಲಿಷ್ ವಿಭಾಗ. ದಾರಿ ಸರಿಯಾದದ್ದೇ ಎಂದು ನನಗನ್ನಿಸುತ್ತದೆ. ಆದರೆ ಖಾಲಿ ಹುದ್ದೆಗಳಲ್ಲಿ ಪಾಠ ಮಾಡುತ್ತಿರುವವರು ಅತಿಥಿ ಶಿಕ್ಷಕರು. ಮಾರ್ಚ್‌ಗೆ ಅವರ ಕೆಲಸ ಮುಗಿಯುತ್ತದೆ. ಜೂನ್‌ನಲ್ಲಿ ಮಕ್ಕಳು ಬಂದಾಗ ಅವರು ಇರುತ್ತಾರೋ ಇಲ್ಲವೋ ಗೊತ್ತಿರುವುದಿಲ್ಲ.

ಇನ್ನೊಂದು ಮಾತನ್ನು ಓಣಿಯವರಿಗೆ ಹೇಳಲೇಬೇಕು. ಆರ್‌ಟಿಇ ಫೀ ಎಂಟನೇ ತರಗತಿವರೆಗೆ ಮಾತ್ರ. 2018ರಲ್ಲಿ ಎಲ್‌ಕೆಜಿ ಸೇರಿದ ಮಗು 2028ರಲ್ಲಿ ಎಂಟು ಮುಗಿಸುತ್ತದೆ. ಒಂಬತ್ತರ ಫೀ ಕಟ್ಟುವುದೋ, ಸರಕಾರಿ ಹೈಸ್ಕೂಲು ನೋಡುವುದೋ, ಈಗಲೇ ಯೋಚಿಸಿಡಿ.